ವಿವಾಹೇತರ ಸಂಬಂಧ: ‘ಕೋರ್ಟ್ ಒಪ್ಪಿಗೆ ಕೊಟ್ಟಿದೆ’ ಎಂಬ ಸಂದೇಶಕ್ಕೆ ಸ್ಪಷ್ಟನೆ

‘ವಿವಾಹೇತರ ಸಂಬಂಧ ಈಗ ಕಾನೂನುಬದ್ಧ, ನೊಂದ ಗಂಡನೋ ಹೆಂಡತಿಯೋ ಏನೂ ಮಾಡುವಂತಿಲ್ಲ’ ಎಂಬ ವಾಟ್ಸ್ಆ್ಯಪ್ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಇಂಥ ಸಂಬಂಧವನ್ನು ಅಪರಾಧವಾಗಿಸಿದ್ದ ಐಪಿಸಿ (ಭಾರತೀಯ ದಂಡ ಸಂಹಿತೆ) 497ನೇ ಕಲಮನ್ನು. ಆ ಕಲಮು ಪರಪುರುಷನಿಗೆ 5 ವರ್ಷದವರೆಗೆ ಜೈಲು ವಿಧಿಸುತ್ತಿತ್ತು. ಗಂಡನ ಸಮ್ಮತಿಯಿದ್ದರೆ ಅಪರಾಧವೇ ಇರಲಿಲ್ಲ. ಹೆಂಡತಿಯನ್ನು ಗಂಡನ ಸ್ವತ್ತಿನಂತೆ ಕಂಡ ಅಂಥ ಕಲಮು ಹೋಗಲೇಬೇಕಿತ್ತು. ಐಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದಿಲ್ಲ. ಹಾಗಾಗಿ ಸಂಬಂಧ ಇದೆ ಎಂಬ ಒಂದೇ ಕಾರಣಕ್ಕೆ ಠಾಣೆಯಲ್ಲಿ ಎಫ್‌ಐಆರ್ ಆಗದು. ಹಲವರು ಎಡವುವುದು ಇಲ್ಲೇ: ಠಾಣೆಗೆ ಅಲೆದು, ಕೌಟುಂಬಿಕ ನ್ಯಾಯಾಲಯವನ್ನು ಮರೆಯುತ್ತಾರೆ.

ಹಿಂದೂ ವಿವಾಹ ಕಾಯ್ದೆಯ 13(1)(i) ಪ್ರಕಾರ ವಿವಾಹೇತರ ಸಂಬಂಧ ಇಂದಿಗೂ ವಿಚ್ಛೇದನಕ್ಕೆ ಕಾರಣ. 1976ರ ತಿದ್ದುಪಡಿಯ ನಂತರ ಒಂದೇ ಘಟನೆ ರುಜುವಾತಾದರೂ ಸಾಕು. ಆದರೆ ಹೆಂಡತಿಯ ಜೀವನಾಂಶ ತಪ್ಪಿಸಲು ಅಷ್ಟು ಸಾಲದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಕಾನೂನು) 144(4)ರಡಿ ಆ ಸಂಬಂಧ ಮುಂದುವರಿಯುತ್ತಿದೆ ಎಂದು ತೋರಿಸಬೇಕು.

ಮೊದಲ ಮದುವೆ ಊರ್ಜಿತದಲ್ಲಿರುವಾಗ ಇನ್ನೊಂದು ಮದುವೆಯಾದರೆ ವಿಷಯವೇ ಬೇರೆ: ನ್ಯಾಯ ಸಂಹಿತೆಯ 82ನೇ ಕಲಮಿನಡಿ 7 ವರ್ಷದವರೆಗೆ ಶಿಕ್ಷೆಯಿದೆ. ಹೊಡೆತ, ಹಿಂಸೆ ಇದ್ದರೆ ಹೆಂಡತಿ 85ನೇ ಕಲಮಿನಡಿ ದೂರು ಕೊಡಬಹುದು.