ಫುಟ್‌ಪಾತ್ ಮೇಲೂ ಹಾರ್ನ್

ಇವತ್ತು ಬೆಳಗ್ಗೆ ಬನಶಂಕರಿಯಲ್ಲಿ ಸೊಪ್ಪಿನ ಚೀಲ ಹಿಡಿದು ಫುಟ್‌ಪಾತ್ ಮೇಲೆ ಬರುತ್ತಿದ್ದೆ. ಹೌದು, ಫುಟ್‌ಪಾತ್ ಮೇಲೆಯೇ. ಹಿಂದಿನಿಂದ ಪೀಂ ಪೀಂ! ತಿರುಗಿದರೆ ಸ್ಕೂಟರ್. "ಅಂಕಲ್, ಸ್ವಲ್ಪ ಸೈಡ್ ಬಿಡಿ, ಲೇಟಾಗ್ತಿದೆ." ಹೆಲ್ಮೆಟ್ ಮೊಣಕೈಯಲ್ಲಿ ಬುಟ್ಟಿ ಹಾಗೆ ನೇತಾಡುತ್ತಿತ್ತು. ನಾನೂ ಪೆದ್ದನ ಹಾಗೆ "ಸಾರಿ" ಅಂದು ಚರಂಡಿ ಕಲ್ಲಿನ ಮೇಲೆ ಸರಿದೆ. ಅರ್ಧ ಮೆಂತ್ಯ ಸೊಪ್ಪು ನೆಲದ ಪಾಲು.

ಸಾರಿ ಯಾಕೆ ಹೇಳಿದೆ ಅಂತ ಈಗಲೂ ಉರೀತಿದೆ.

ಈ ಜನರಿಗೆ ಮೆದುಳು ಮೊಣಕೈಯಲ್ಲಿ ಇದೆಯಾ? ಪೊಲೀಸ್ ಕಂಡರೆ ಹೆಲ್ಮೆಟ್ ತಲೆಗೆ ಏರುತ್ತದೆ, ಸರ್ಕಲ್ ದಾಟಿದರೆ ಮತ್ತೆ ಕೈಗೆ. ಸಿಗ್ನಲ್‌ನಲ್ಲಿ ಇನ್ನೂ 8 ಸೆಕೆಂಡ್ ಇರುವಾಗಲೇ ಹಿಂದೆ ಹಾರ್ನ್ ಕಛೇರಿ ಶುರು. ನಾನೇನು ದೀಪಕ್ಕೆ ಹಸಿರು ಬಣ್ಣ ಬಳಿಯಲಾ? ಒನ್‌ವೇಯಲ್ಲಿ ಎದುರು ಬಂದ ಮಹಾರಾಯರು ನಮ್ಮನ್ನೇ ಗುರಾಯಿಸುತ್ತಾರೆ. ಕೇಳಿದರೆ, "ಇಲ್ಲೇ ಹತ್ರ ಸಾರ್, ಯು ಟರ್ನ್ ತುಂಬಾ ದೂರ." ಇನ್ನು ಕ್ಯಾಮೆರಾಗೆ ಸಿಗಬಾರದು ಅಂತ ನಂಬರ್ ಪ್ಲೇಟ್ ಬಗ್ಗಿಸುವ ಎಂಜಿನಿಯರುಗಳು ಬೇರೆ!

ದಂಡದ ಭಯವಾ? 2023ರ ಫೆಬ್ರವರಿಯಲ್ಲಿ ಹಳೇ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಜನ ಆಷಾಢ ಸೇಲ್‌ಗೆ ಬಂದ ಹಾಗೆ ಕ್ಯೂ ನಿಂತರು. ನೂರು ಕೋಟಿಗೂ ಜಾಸ್ತಿ ಬಂತು. 2025ರಲ್ಲಿ ಮತ್ತೆ ಅದೇ ಸೇಲ್. ಹೀಗಿರುವಾಗ ಈಗಲೇ ಯಾರು ಪೂರ್ತಿ ರೇಟ್ ಕಟ್ಟುತ್ತಾರೆ, ಅಲ್ವಾ?

ನಾಳೆಯಿಂದ ನಾನೇ ಬೆನ್ನಿಗೆ ಇಂಡಿಕೇಟರ್ ಕಟ್ಟಿಕೊಂಡು ಸೊಪ್ಪಿಗೆ ಹೋಗಬೇಕೇನೋ.