ಮೀನಿಲ್ಲದ ಟ್ಯಾಂಕಿಗೆ ರೊಟ್ಟಿ ಊಟ

ಬಾಗಲಕೋಟೆಗೆ ಮದುವೆಗೆಂದು ಹೋಗಿ ಬರುವಷ್ಟರಲ್ಲಿ ನಮ್ಮ ಅಕ್ವೇರಿಯಂ ನೀರಿನ ಅಮೋನಿಯಾ ಟೆಸ್ಟ್ ಮತ್ತೆ ಹಚ್ಚ ಹಸಿರು. ಹೋಗುವಾಗ ಹಳದಿ ಇತ್ತು. ಹಳದಿ ಅಂದರೆ ಅಮೋನಿಯಾ ಸೊನ್ನೆ, ಹಸಿರು ಗಾಢವಾದಷ್ಟೂ ವಿಷ ಜಾಸ್ತಿ. ಗೋಡೆ ಮೇಲೆ 'ಹಸಿರೇ ಉಸಿರು' ಅಂತ ಬರೆಸಿದವರು ಅಕ್ವೇರಿಯಂ ಇಟ್ಟವರಲ್ಲ ಬಿಡಿ.

ನೀರಿನ ಮೇಲೆ ತೆಳ್ಳಗೆ ಎಣ್ಣೆ ತೇಲುತ್ತಿತ್ತು. ಬಗ್ಗಿ ಮೂಸಿದೆ. ಬೆಳ್ಳುಳ್ಳಿ ವಾಸನೆ. ಪಕ್ಕದ ಮನೆ ಕಾಕಾ ಬಂದು ಹೋಗಿದ್ದಾರೆ ಅನ್ನೋಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಕಾಕಾ ದಿನಾ ಸಂಜೆ ಚಹಾಕ್ಕೆ ಬರುತ್ತಾರೆ. ಬಂದವರೇ ಟ್ಯಾಂಕಿನ ಮುಂದೆ ಕುರ್ಚಿ ಎಳೆದುಕೊಳ್ಳುತ್ತಾರೆ.

"ಯಾಕೋ ತಮ್ಮಾ, ಮೀನ ಎಲ್ಲಿ?"

"ಇನ್ನೂ ಬಿಟ್ಟಿಲ್ರೀ ಕಾಕಾ. ಮೊದಲ ನೀರು ತಯಾರ ಆಗಬೇಕ್ರಿ."

"ನೀರು ತಯಾರ ಆಗಾಕ ಅದೇನ ಸಾರೇನು?"

ಮೀನಿನ ಹೊಲಸಿನಿಂದ, ನೀರಲ್ಲಿ ಕೊಳೆತ ಆಹಾರದಿಂದ ಅಮೋನಿಯಾ ಆಗುತ್ತದೆ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿ ಬಂದು ನೈಟ್ರೇಟ್ ಮಾಡಿದರೆ ಬಚಾವ್. ಅದು ಮಿತಿಯಲ್ಲಿದ್ದರೆ ಮೀನಿಗೆ ತೊಂದರೆಯಿಲ್ಲ, ಆಗಾಗ ಸ್ವಲ್ಪ ನೀರು ಬದಲಿಸಿದರಾಯಿತು. ಈ ಮಹಾನುಭಾವರು ಫಿಲ್ಟರಿನ ಸ್ಪಂಜಿನಲ್ಲಿ ಬಿಡಾರ ಹೂಡಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಅವರ ಹೊಟ್ಟೆಗೂ ಏನಾದರೂ ಬೇಕಲ್ಲ? ಅದಕ್ಕೇ ನಾನು ಖಾಲಿ ಟ್ಯಾಂಕಿಗೆ ಚಿಟಿಕೆ ಮೀನಿನ ಆಹಾರ ಉದುರಿಸುತ್ತಿದ್ದೆ. ಕಾಕಾ ಅದನ್ನು ನೋಡಿಬಿಟ್ಟರು.

"ಇಲ್ಲದ ಮೀನಿಗೆ ನೀ ಹಾಕೂದಾದ್ರ ನಾ ಯಾಕ ಹಾಕಬಾರ್ದು?"

ಇದಕ್ಕೆ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ. ಅಂದಿನಿಂದ ಕಾಕಾ ಬರುವಾಗ ಜೇಬಿನಲ್ಲಿ ಕಡಕ್ ರೊಟ್ಟಿ. ಅದಕ್ಕೆ ಶೇಂಗಾ ಚಟ್ನಿ, ಮೇಲೆ ಎಣ್ಣೆ. ಒಂದು ಚೂರು ತಮ್ಮ ಬಾಯಿಗೆ, ಒಂದು ಚೂರು ಟ್ಯಾಂಕಿಗೆ. ಉಂಗುರದ ಬೆರಳಿನಿಂದ ಗಾಜಿಗೆ ಟಕ್ ಟಕ್ ಬಡಿದು, "ಬಾ ಬಾ ಬಾ" ಅಂತ ಕರೆಯುತ್ತಾರೆ. ಕಾಯುತ್ತಾರೆ. ಯಾರೂ ಬರುವುದಿಲ್ಲ. ಕಡೆಗೆ ನನ್ನ ಕಡೆ ತಿರುಗಿ, "ಹೊಟ್ಟಿ ತುಂಬಿರಬೇಕು ಬಿಡು" ಅನ್ನುತ್ತಾರೆ. ನಾನಿದ್ದಾಗ ರೊಟ್ಟಿ ಚೂರುಗಳನ್ನು ಸೋಸಿ ತೆಗೆಯುತ್ತಿದ್ದೆ. ನಾನಿಲ್ಲದಾಗ ಪಂಕ್ತಿ ಭೋಜನವೇ ನಡೆದಿದೆ.

ಅರ್ಧ ನೀರು ಬದಲಿಸೋಣ ಅಂದರೆ ಇದು ವಿಜಯಪುರ. ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಬಂದರೂ ಕ್ಲೋರಿನ್ ವಾಸನೆ. ಅದನ್ನು ಕಳೆಯುವ ಥಯೋಸಲ್ಫೇಟ್ ಹನಿ ಬಿಡದೆ ಸುರಿದರೆ ಸಾಕಿದ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತವೆ. ಬೋರಿನ ನೀರು ಗಡಸು, ಪಿಎಚ್ (ಹುಳಿ-ಕ್ಷಾರದ ಅಳತೆ) ಜಾಸ್ತಿ. ಪಿಎಚ್ ಏರಿದಷ್ಟೂ, ಬಿಸಿಲು ಏರಿದಷ್ಟೂ ಅಮೋನಿಯಾ ಹೆಚ್ಚು ಕಚ್ಚುತ್ತದೆ. ನಮ್ಮೂರ ಬಿಸಿಲಿನ ಮಾತು ಬೇರೆ ಹೇಳಬೇಕೆ? ಆದಿಲ್‌ಶಾಹಿಗಳು 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿ, ಮಣ್ಣಿನ ಕೊಳವೆಯಲ್ಲಿ ಊರಿಗೆ ನೀರು ಹರಿಸಿದರು. ನಾನು ಒಂದು ಗಾಜಿನ ಡಬ್ಬಿಗೆ ಒದ್ದಾಡುತ್ತಿದ್ದೇನೆ.

ಇವತ್ತು ಸಂಜೆ ಕಾಕಾಗೆ ಜೋರು ಮಾಡಲೇಬೇಕು ಅಂತ ಕಾದಿದ್ದೆ. ಬಂದವರು ಖಾಲಿ ಗಾಜನ್ನೇ ನೋಡುತ್ತ ಕೂತರು. "ಸಣ್ಣವರಿದ್ದಾಗ ತಾಜ್ ಬಾವಡ್ಯಾಗ ಕಾಲ ಇಳಿಬಿಟ್ಟು ಕೂಡ್ತಿದ್ವಿ. ಮೀನ ಬಂದು ಕಚಗುಳಿ ಇಡ್ತಿದ್ವು. ರೊಟ್ಟಿ ಒಗದ್ರ ಮುಕರ್ತಿದ್ವು ನೋಡು" ಅಂದರು. ನನ್ನ ಜೋರು ಅಲ್ಲೇ ಉಳಿಯಿತು. ಸುಮ್ನೆ ಚಹಾ ಕೊಟ್ಟೆ.

ಚಹಾ ಮುಗಿಸಿ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಪ್ಯಾಕೆಟ್ ತೆಗೆದರು. ಒಳಗೆ ಎರಡು ಗೋಲ್ಡ್‌ಫಿಶ್!

"ನಿನ್ನ ಕೈಲೆ ಆಗಂಗಿಲ್ಲ ಅಂತ ನಾನೇ ತಂದೆ."

ಹೊಲಸು ಮಾಡುವುದರಲ್ಲಿ ಗೋಲ್ಡ್‌ಫಿಶ್ ಎತ್ತಿದ ಕೈ. ಆ ಟ್ಯಾಂಕಿಗೆ ಹೇಗೆ ಬಿಡಲಿ? ಸದ್ಯಕ್ಕೆ ಅಡುಗೆಮನೆಯ ದೊಡ್ಡ ಬಕೀಟಿನಲ್ಲಿ ಏರ್ ಪಂಪ್ ಹಾಕಿ ಬಿಟ್ಟಿದ್ದೇನೆ. ಅವ್ವ ಆಗಿನಿಂದ ಬಾಗಿಲಲ್ಲೇ ನಿಂತಿದ್ದಾಳೆ.

"ನಾಳಿ ನಳ ಬರ್ತದ. ನೀರು ಯಾತರಾಗ ಹಿಡೀಲಿ, ನಿನ್ನ ಆ ಗಾಜಿನ ಡಬ್ಬ್ಯಾಗೇನು?"