ಮೈಕ್ ತಂದಿದ್ದು ನಾನು, ಕೇಳಿಸಿದ್ದು ಕುಕ್ಕರ್

ಪಾಡ್‌ಕಾಸ್ಟ್ ಮಾಡೋಣ ಅಂತ ಒಂದು ಯುಎಸ್‌ಬಿ ಮೈಕ್ ಹುಡುಕಲು ಕೂತರೆ ತಲೆ ಕೆಟ್ಟು ಹೋಗುತ್ತದೆ ಸ್ವಾಮಿ. ಎಲ್ಲ ಡಬ್ಬದ ಮೇಲೂ ಒಂದೇ ಮಾತು, ‘ಸ್ಟುಡಿಯೋ ಕ್ವಾಲಿಟಿ’. ಯಾರ ಸ್ಟುಡಿಯೋ? ನನ್ನದು ಬೆಂಗಳೂರಿನ ಬಾಡಿಗೆ ಮನೆಯ ಹತ್ತಡಿ ರೂಮು, ಕಿಟಕಿ ಆಚೆ ನೀರಿನ ಟ್ಯಾಂಕರ್.

ವಿಡಿಯೋಗಳಲ್ಲಿ ಎಲ್ಲರೂ ಹೊಗಳಿದರು ಅಂತ ಕಂಡೆನ್ಸರ್ ಮೈಕ್ ತಂದೆ. ಮೊದಲ ರೆಕಾರ್ಡಿಂಗ್ ಕೇಳಿದರೆ ನನ್ನ ದನಿಗಿಂತ ಪಕ್ಕದ ಮನೆ ಕುಕ್ಕರಿನ ಮೂರನೇ ವಿಶಲ್ಲೇ ಸ್ಪಷ್ಟ! ಜೊತೆಗೆ ಫ್ಯಾನಿನ ಗರಗರ, ಗಾಡಿಯವನ ‘ಸೊಪ್ಪೂ...’ ಕೂಡ. ಕಂಡೆನ್ಸರ್ ಮೈಕಿನ ಸ್ವಭಾವವೇ ಅದು, ಸಣ್ಣ ಸದ್ದನ್ನೂ ಹಿಡಿಯುತ್ತದೆ, ಗೋಡೆಗೆ ಬಡಿದು ಬರುವ ದನಿಯನ್ನೂ ಬಿಡುವುದಿಲ್ಲ. ಇಂಥ ರೂಮಿಗೆ ಬಾಯಿಂದ ನಾಲ್ಕು ಬೆರಳು ದೂರ ಇಟ್ಟು ಮಾತಾಡುವ, ದೂರದ ಸದ್ದನ್ನು ಅಷ್ಟಾಗಿ ಹಿಡಿಯದ ಡೈನಮಿಕ್ ಮೈಕೇ ವಾಸಿ ಅಂತ ಒಬ್ಬರಾದರೂ ಮೊದಲೇ ಹೇಳಬಾರದಿತ್ತಾ?

ಅದು ಬಿಟ್ಟು ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಅನ್ನೋದು) 192 ಕಿಲೋಹರ್ಟ್ಸ್ ಅಂತ ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ಮನುಷ್ಯನ ಕಿವಿಗೆ ಕೇಳುವುದೇ ಹೆಚ್ಚೆಂದರೆ 20 ಕಿಲೋಹರ್ಟ್ಸ್, ಸ್ಯಾಂಪಲ್ ರೇಟ್ ಅದರ ಎರಡು ಪಟ್ಟಿಗಿಂತ ತುಸು ಹೆಚ್ಚಿದ್ದರೆ ಆಯಿತು, ಅಂದರೆ 48 ಧಾರಾಳವಾಗಿ ಸಾಕು. ಉಳಿದದ್ದು ಬಾವಲಿ ಕೇಳಲಿ ಅಂತಾನಾ? ಬಣ್ಣದ ಲೈಟ್ ಬೇರೆ. ಬೇಕಾದ ಹೆಡ್‌ಫೋನ್ ಜಾಕ್ ಮಾತ್ರ ನನ್ನದರಲ್ಲಿಲ್ಲ. ಜೊತೆಗೆ ಕೊಟ್ಟ ಪುಟಾಣಿ ಸ್ಟ್ಯಾಂಡೋ, ಮೇಜಿನ ಮೇಲೆ ಕಾಫಿ ಲೋಟ ಇಟ್ಟರೂ ಬಾಂಬ್ ಬಿದ್ದ ಹಾಗೆ ‘ಧಡ್’.

ಈಗ ಬೀರು ಬಾಗಿಲು ತೆಗೆದು, ಗೋಡೆಗೆ ಬಡಿಯುವ ದನಿಯನ್ನು ಬಟ್ಟೆ ನುಂಗಲಿ ಅಂತ ಅಮ್ಮನ ಸೀರೆಗಳ ಮಧ್ಯೆ ತಲೆ ತೂರಿಸಿ ರೆಕಾರ್ಡ್ ಮಾಡುತ್ತಿದ್ದೇನೆ. ಫ್ಯಾನ್ ಆಫ್. ಬೆವರು ಜಾಸ್ತಿ, ದನಿ ಪರವಾಗಿಲ್ಲ. ನ್ಯಾಫ್ತಲಿನ್ ಗುಳಿಗೆ ವಾಸನೆ ರೆಕಾರ್ಡ್ ಆಗಲ್ಲ, ಸದ್ಯ.